ಮೌನವನ್ನು ಸಮ್ಮತಿಯೆಂದು ಎಣಿಸದಿರಲು: ಸಭೆ ನಡೆಸುವವರಿಗೊಂದು ಮಾರ್ಗದರ್ಶಿ

ಒಂದು ಸಮಿತಿ ತಪ್ಪು ನಿರ್ಧಾರ ಮಾಡಿತೆಂದು ಗೊತ್ತಾದ ಕೂಡಲೇ ನಾವು ತಪ್ಪಿತಸ್ಥರನ್ನು ಹುಡುಕಲು ಹೊರಡುತ್ತೇವೆ. ಅಧ್ಯಕ್ಷರದು ಹಟದ ಸ್ವಭಾವ, ಕಾರ್ಯದರ್ಶಿಗೆ ಧೈರ್ಯ ಸಾಲದು, ಉಳಿದವರಿಗೆ ಆಸಕ್ತಿಯೇ ಇಲ್ಲ ಎಂದು ಒಬ್ಬೊಬ್ಬರಿಗೂ ಒಂದೊಂದು ಗುಣವನ್ನು ಅಂಟಿಸಿ ವಿಚಾರಣೆಯನ್ನು ಮುಗಿಸುತ್ತೇವೆ. ಅಮೆರಿಕದ ಮನೋವಿಜ್ಞಾನಿ ಲೀ ರಾಸ್ 1977ರಲ್ಲಿ ಈ ಅಭ್ಯಾಸಕ್ಕೆ ‘ಮೂಲಭೂತ ಆರೋಪಣ ದೋಷ’ ಎಂಬ ಅರ್ಥ ಬರುವ ಹೆಸರನ್ನು ಕೊಟ್ಟರು. ಇತರರ ವರ್ತನೆಗೆ ಕಾರಣ ಹುಡುಕುವಾಗ ನಾವು ಅವರ ಸ್ವಭಾವಕ್ಕೆ ಹೆಚ್ಚು ತೂಕ ಕೊಟ್ಟು, ಅವರು ಸಿಲುಕಿದ್ದ ಸನ್ನಿವೇಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ ಎಂಬುದು ಅದರ ತಿರುಳು. ಅದಕ್ಕೂ ನಾಲ್ಕು ದಶಕಗಳ ಹಿಂದೆಯೇ ಕರ್ಟ್ ಲೆವಿನ್, ವರ್ತನೆಯೆಂಬುದು ವ್ಯಕ್ತಿ ಮತ್ತು ಪರಿಸರ ಎರಡೂ ಸೇರಿ ಹುಟ್ಟುವ ಫಲವೆಂದು ಒಂದು ಪುಟ್ಟ ಸೂತ್ರದಲ್ಲಿ ಹೇಳಿದ್ದರು.

ಸಭೆ ನಡೆಸುವವರಿಗೆ ಇದರಿಂದ ಒಂದು ದೊಡ್ಡ ಅನುಕೂಲವಿದೆ. ಜನರ ಸ್ವಭಾವವನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲದಿದ್ದರೂ, ಯಾರು ಮೊದಲು ಮಾತನಾಡಬೇಕು, ಅಭಿಪ್ರಾಯಗಳನ್ನು ಬಾಯಿಮಾತಿನಲ್ಲಿ ಕೇಳಬೇಕೋ ಬರಹದಲ್ಲಿ ಪಡೆಯಬೇಕೋ, ಕೆಲಸವನ್ನು ಯಾರ ಹೆಸರಿಗೆ ಬರೆಯಬೇಕು ಎಂಬಂಥ ಸಣ್ಣ ಏರ್ಪಾಡುಗಳು ಸಂಪೂರ್ಣವಾಗಿ ನಮ್ಮ ಕೈಯಲ್ಲೇ ಇವೆ. ಗುಂಪಿನ ಬುದ್ಧಿ ಬೆಳಗುವುದೂ ಮಂಕಾಗುವುದೂ ಬಹುಮಟ್ಟಿಗೆ ಈ ಏರ್ಪಾಡುಗಳಿಂದಲೇ ಎಂಬುದು ನನ್ನ ದೃಢವಾದ ನಂಬಿಕೆ. ಮುಂದಿನ ಸಾಲುಗಳಲ್ಲಿ ಆ ಏರ್ಪಾಡುಗಳನ್ನು, ಅವುಗಳ ಹಿಂದಿರುವ ಪ್ರಯೋಗಗಳ ಜೊತೆಗೇ ವಿವರಿಸಿದ್ದೇನೆ. ಕಾರಣ ತಿಳಿಯದೆ ಪಾಲಿಸಿದ ನಿಯಮ ಎರಡು ಸಭೆಗಳಾಚೆಗೆ ಉಳಿಯುವುದಿಲ್ಲ.

ಬಾಯಿ ತೆರೆಯುವ ಮೊದಲು ಬರೆಸಿ

ಮೊದಲನೆಯ ಏರ್ಪಾಡು ಎಲ್ಲಕ್ಕಿಂತ ಸುಲಭವಾದದ್ದು, ಮತ್ತು ಒಂದೇ ಒಂದನ್ನು ಮಾಡಲು ಸಾಧ್ಯವಿರುವವರು ಇದನ್ನೇ ಮಾಡಬೇಕು. ಚರ್ಚೆ ಆರಂಭವಾಗುವ ಮುನ್ನ ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯವನ್ನೂ ಅದಕ್ಕಿರುವ ಒಂದೆರಡು ಕಾರಣಗಳನ್ನೂ ಒಂದು ಚೀಟಿಯಲ್ಲಿ ಬರೆಯಲಿ. ಐದು ನಿಮಿಷ ಸಾಕು. ಚೀಟಿಗಳನ್ನು ಒಟ್ಟುಗೂಡಿಸಿ, ಯಾರದು ಯಾವುದು ಎಂದು ಹೇಳದೆ ಎಲ್ಲರಿಗೂ ಕೇಳುವಂತೆ ಓದಿರಿ. ಆಮೇಲಷ್ಟೇ ಮಾತು ಆರಂಭವಾಗಲಿ.

ಇಷ್ಟು ಸಣ್ಣ ಕ್ರಮ ಯಾಕೆ ಬೇಕೆಂಬುದನ್ನು ಸಾಲೊಮನ್ ಆಶ್ 1950ರ ದಶಕದಲ್ಲಿ ನಡೆಸಿದ ಪ್ರಯೋಗಗಳು ಹೇಳುತ್ತವೆ. ಒಂದು ಹಲಗೆಯ ಮೇಲೆ ಒಂದು ಗೆರೆ, ಇನ್ನೊಂದರ ಮೇಲೆ ಬೇರೆ ಬೇರೆ ಉದ್ದದ ಮೂರು ಗೆರೆಗಳು. ಮೊದಲನೆಯ ಗೆರೆಗೆ ಸಮನಾದದ್ದು ಯಾವುದೆಂದು ಹೇಳಬೇಕು. ಒಬ್ಬರೇ ಇದ್ದಾಗ ಯಾರೂ ತಪ್ಪುವುದೇ ಇಲ್ಲ ಎನ್ನುವಷ್ಟು ಸುಲಭವಾದ ಪ್ರಶ್ನೆ ಇದು. ಆದರೆ ಕೋಣೆಯಲ್ಲಿ ಕುಳಿತಿದ್ದವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಪ್ರಯೋಗ ನಡೆಸುವವರ ಕಡೆಯವರು. ಅವರು 18 ಸುತ್ತುಗಳಲ್ಲಿ 12 ಸಲ ಒಕ್ಕೊರಲಿನಿಂದ ತಪ್ಪು ಉತ್ತರ ಹೇಳಿದರು. ಆ ಸುತ್ತುಗಳಲ್ಲಿ ಒಂಟಿಯಾಗಿದ್ದವರು ಕೊಟ್ಟ ಉತ್ತರಗಳ ಪೈಕಿ ಸುಮಾರು ಶೇಕಡ 37ರಷ್ಟು ಗುಂಪಿನ ತಪ್ಪಿಗೆ ಮಣಿದವು. ನಾಲ್ವರಲ್ಲಿ ಸುಮಾರು ಮೂವರು ಒಮ್ಮೆಯಾದರೂ ಮಣಿದರು; ಇನ್ನೊಬ್ಬರು ಕೊನೆಯವರೆಗೂ ಒಮ್ಮೆಯೂ ಮಣಿಯಲಿಲ್ಲ. ಈ ಎರಡನೆಯ ಸಂಖ್ಯೆಯನ್ನು ಮರೆತು ಮೊದಲನೆಯದನ್ನಷ್ಟೇ ಹೇಳುವವರು ಆಶ್ ಅವರಿಗೆ ಅನ್ಯಾಯ ಮಾಡುತ್ತಾರೆ. ಮನುಷ್ಯ ಕುರಿಮಂದೆಯಂತೆ ಎಂದು ಸಾಧಿಸಲು ಅವರು ಹೊರಟಿರಲಿಲ್ಲ. ಯಾವ ಸ್ಥಿತಿಯಲ್ಲಿ ಮನುಷ್ಯ ತನ್ನ ಕಣ್ಣನ್ನೇ ಅನುಮಾನಿಸುತ್ತಾನೆ, ಯಾವ ಸ್ಥಿತಿಯಲ್ಲಿ ನಂಬಿ ನಿಲ್ಲುತ್ತಾನೆ ಎಂಬುದು ಅವರ ಪ್ರಶ್ನೆಯಾಗಿತ್ತು.

ಉತ್ತರವನ್ನು ಬಾಯಿಬಿಟ್ಟು ಹೇಳುವ ಬದಲು ಗುಟ್ಟಾಗಿ ಬರೆಯಲು ಬಿಟ್ಟಾಗ ಮಣಿಯುವಿಕೆ ಬಹಳ ಕಡಿಮೆಯಾಯಿತು. ಮಾರ್ಟನ್ ಡಾಯ್ಚ್ ಮತ್ತು ಹೆರಾಲ್ಡ್ ಜೆರಾರ್ಡ್ 1955ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು: ಗುಂಪು ನಮ್ಮ ಮೇಲೆ ಎರಡು ದಾರಿಗಳಿಂದ ಪ್ರಭಾವ ಬೀರುತ್ತದೆ. ಇಷ್ಟು ಜನ ಹೇಳುತ್ತಿರುವಾಗ ಅದು ನಿಜವೇ ಇರಬೇಕೆಂಬ ಎಣಿಕೆ ಒಂದು, ಬೇರೆ ಮಾತನಾಡಿದರೆ ಇವರ ಕಣ್ಣಿಗೆ ನಾನು ಕೆಟ್ಟವನಾಗುತ್ತೇನೆಂಬ ಅಳುಕು ಇನ್ನೊಂದು. ಮೊದಲನೆಯದನ್ನು ಮಾಹಿತಿಯ ಪ್ರಭಾವವೆಂದೂ ಎರಡನೆಯದನ್ನು ರೂಢಿಯ ಪ್ರಭಾವವೆಂದೂ ಕರೆಯಬಹುದು. ಚೀಟಿಯಲ್ಲಿ ಬರೆಯುವವನಿಗೆ ಎರಡೂ ತಗಲುವುದಿಲ್ಲ. ಇತರರ ಉತ್ತರ ಅವನಿಗಿನ್ನೂ ಗೊತ್ತಿಲ್ಲ, ಅವನ ಉತ್ತರ ಯಾರದೆಂದು ಇತರರಿಗೂ ಗೊತ್ತಾಗುವುದಿಲ್ಲ.

ಬರೆಸುವುದರಿಂದ ಇನ್ನೊಂದು ಲಾಭವೂ ಇದೆ. ಫ್ರಾನ್ಸಿಸ್ ಗಾಲ್ಟನ್ 1907ರಲ್ಲಿ ಪ್ರಕಟಿಸಿದ ಒಂದು ಪುಟ್ಟ ಲೇಖನದಲ್ಲಿ, ಪಶುಮೇಳವೊಂದರಲ್ಲಿ ಎತ್ತಿನ ಮಾಂಸದ ತೂಕವನ್ನು ಊಹಿಸುವ ಸ್ಪರ್ಧೆಯ 787 ಚೀಟಿಗಳನ್ನು ಲೆಕ್ಕ ಹಾಕಿದರು. ಊಹೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬಂದದ್ದು 1,207 ಪೌಂಡ್. ನಿಜವಾದ ತೂಕ 1,198 ಪೌಂಡ್. ಗುಂಪು ಇಷ್ಟು ಹತ್ತಿರಕ್ಕೆ ಬರಲು ಕಾರಣ, ಒಬ್ಬನ ತಪ್ಪು ಮೇಲಕ್ಕೆ ಜಗ್ಗಿದರೆ ಇನ್ನೊಬ್ಬನದು ಕೆಳಕ್ಕೆ ಜಗ್ಗಿ ಎರಡೂ ಸರಿದೂಗುವುದು. ತಪ್ಪುಗಳು ಪರಸ್ಪರ ಸ್ವತಂತ್ರವಾಗಿದ್ದಾಗ ಮಾತ್ರ ಇದು ಸಾಧ್ಯ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇತರರ ಅಂದಾಜುಗಳನ್ನು ನೋಡಿದ ಮೇಲೆ ಜನರ ಉತ್ತರಗಳು ಒಂದಕ್ಕೊಂದು ಹತ್ತಿರವಾದವೇ ಹೊರತು ಸತ್ಯಕ್ಕೆ ಹತ್ತಿರವಾಗಲಿಲ್ಲ. ಅವರವರ ಆತ್ಮವಿಶ್ವಾಸ ಮಾತ್ರ ಹೆಚ್ಚಿತ್ತು. ಮೊದಲು ಮಾತನಾಡಿದವರ ಅಭಿಪ್ರಾಯಕ್ಕೆ ಉಳಿದವರೆಲ್ಲ ಒಗ್ಗಿಕೊಂಡು, ಆ ಒಗ್ಗುವಿಕೆಯನ್ನೇ ಒಮ್ಮತವೆಂದು ನಂಬಿ, ಸಂತೋಷದಿಂದ ಎದ್ದುಹೋಗುವ ಸಭೆಗಳಲ್ಲಿ ನಡೆಯುವುದು ಇದೇ.

ಈ ಕ್ರಮವನ್ನು ಪಾಲಿಸುವಾಗ ಅಧ್ಯಕ್ಷರು ತಮ್ಮ ಮಟ್ಟಿಗೆ ಇನ್ನೊಂದು ನಿಯಮವನ್ನು ಸೇರಿಸಿಕೊಳ್ಳಬೇಕು: ಅವರ ಅಭಿಪ್ರಾಯ ಕೊನೆಯಲ್ಲಿ ಬರಲಿ. ‘ನನಗೇನೋ ಇದು ಸರಿಯೆನಿಸುತ್ತದೆ, ಆದರೂ ನೀವು ಮುಕ್ತವಾಗಿ ಮಾತನಾಡಿ’ ಎಂಬ ಪೀಠಿಕೆಯ ನಂತರ ಯಾರೂ ಮುಕ್ತವಾಗಿ ಮಾತನಾಡಲಾರರು. ಅಧಿಕಾರದಲ್ಲಿ ಇಲ್ಲವೇ ಅನುಭವದಲ್ಲಿ ಕಿರಿಯರಾದವರಿಂದ ಆರಂಭಿಸಿ ಹಿರಿಯರವರೆಗೆ ಬರುವುದು ಒಳ್ಳೆಯದು.

ಮೌನವನ್ನು ಓದುವುದು

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತನ್ನು ನಾವು ಎಷ್ಟು ಸಹಜವಾಗಿ ಬಳಸುತ್ತೇವೆಂದರೆ, ಸಭೆಯ ನಡಾವಳಿಯಲ್ಲಿ ‘ಯಾರೂ ಆಕ್ಷೇಪಿಸಲಿಲ್ಲವಾದ್ದರಿಂದ ಅಂಗೀಕರಿಸಲಾಯಿತು’ ಎಂದು ಬರೆಯುವಾಗ ನಮ್ಮ ಕೈ ನಡುಗುವುದೇ ಇಲ್ಲ. ಗುಂಪಿನ ಮನೋವಿಜ್ಞಾನವನ್ನು ಓದಿದ ಮೇಲೆ ನಾನು ಸಂಪೂರ್ಣವಾಗಿ ಕೈಬಿಟ್ಟ ನಂಬಿಕೆ ಇದೊಂದೇ.

1968ರಲ್ಲಿ ಬಿಬ್ ಲತಾನೆ ಮತ್ತು ಜಾನ್ ಡಾರ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕೋಣೆಯಲ್ಲಿ ಕುಳಿತು ಪ್ರಶ್ನಾವಳಿ ತುಂಬುತ್ತಿದ್ದವರ ಮುಂದೆ ಗೋಡೆಯ ಕಿಂಡಿಯಿಂದ ಹೊಗೆ ಬರತೊಡಗಿತು. ಒಬ್ಬರೇ ಇದ್ದಾಗ ಶೇಕಡ 75ರಷ್ಟು ಜನ ಎದ್ದುಹೋಗಿ ವಿಷಯ ತಿಳಿಸಿದರು. ಏನೂ ಆಗಿಲ್ಲವೆಂಬಂತೆ ಕುಳಿತಿರಲು ಮೊದಲೇ ಹೇಳಿಸಿಕೊಂಡಿದ್ದ ಇಬ್ಬರು ಜೊತೆಗಿದ್ದಾಗ ಎದ್ದುಹೋದವರು ಶೇಕಡ 10ರಷ್ಟು ಮಾತ್ರ. ಇದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಮೂರನೆಯ ಸ್ಥಿತಿ: ಯಾವ ನಟನೆಯೂ ಇಲ್ಲದ, ಪರಸ್ಪರ ಅಪರಿಚಿತರಾದ ಮೂವರು ಒಟ್ಟಿಗಿದ್ದಾಗ, ಅಂಥ ಗುಂಪುಗಳ ಪೈಕಿ ಶೇಕಡ 38ರಲ್ಲಿ ಮಾತ್ರ ಯಾರಾದರೊಬ್ಬರು ವಿಷಯ ತಿಳಿಸಿದರು. ಪ್ರತಿಯೊಬ್ಬನೂ ಒಳಗೆ ಗಾಬರಿಯಾಗಿದ್ದರೂ ಮುಖದಲ್ಲಿ ಶಾಂತಿಯನ್ನು ಕಾಪಾಡಿಕೊಂಡು ಇತರರ ಮುಖ ನೋಡುತ್ತಿದ್ದ. ಇತರರ ಮುಖದಲ್ಲೂ ಅದೇ ಶಾಂತಿ ಕಂಡದ್ದರಿಂದ ಅಪಾಯವೇನೂ ಇಲ್ಲವೆಂದು ತೀರ್ಮಾನಿಸುತ್ತಿದ್ದ. ಒಬ್ಬರ ಮುಖವಾಡ ಇನ್ನೊಬ್ಬರಿಗೆ ಸಾಕ್ಷ್ಯವಾಯಿತು.

‘ಎಲ್ಲರೂ ಒಪ್ಪಿದ್ದಾರೆ, ಅನುಮಾನ ನನಗೊಬ್ಬನಿಗೇ’ ಎಂದು ಎಲ್ಲರೂ ಒಬ್ಬೊಬ್ಬರಾಗಿ ಅಂದುಕೊಂಡಿರುವ ಈ ಸ್ಥಿತಿಯನ್ನು ಸಾಮೂಹಿಕ ಅಜ್ಞಾನವೆನ್ನುತ್ತಾರೆ. ತರಗತಿಯಲ್ಲಿ ಪಾಠ ಅರ್ಥವಾಗದ ವಿದ್ಯಾರ್ಥಿ ಕೈಯೆತ್ತದಿರುವುದು ಇದರಿಂದಲೇ. ತಾನು ಕೈಯೆತ್ತದಿರಲು ಕಾರಣ ಸಂಕೋಚವೆಂಬುದು ಅವನಿಗೆ ಗೊತ್ತು. ಉಳಿದವರು ಕೈಯೆತ್ತದಿರಲು ಕಾರಣ ಅವರಿಗೆಲ್ಲ ಅರ್ಥವಾಗಿರುವುದೆಂದು ಅವನು ಭಾವಿಸುತ್ತಾನೆ. ಒಂದೇ ವರ್ತನೆಗೆ ತನ್ನ ವಿಷಯದಲ್ಲೊಂದು, ಇತರರ ವಿಷಯದಲ್ಲೊಂದು ಕಾರಣ.

ಆದ್ದರಿಂದ ಸಭೆಯಲ್ಲಿ ‘ಯಾರಿಗಾದರೂ ಆಕ್ಷೇಪವಿದೆಯೇ?’ ಎಂದು ಕೇಳಬೇಡಿ. ಆ ಪ್ರಶ್ನೆಗೆ ಉತ್ತರಿಸಬೇಕಾದವನು ಎಲ್ಲರೆದುರು ಎದ್ದು ನಿಂತು ‘ನನಗಿದೆ’ ಎನ್ನಬೇಕು. ಅಷ್ಟು ಬೆಲೆ ತೆರಲು ಹೆಚ್ಚಿನವರು ಸಿದ್ಧರಿರುವುದಿಲ್ಲ. ಅದರ ಬದಲು ಆಕ್ಷೇಪ ಇದ್ದೇ ಇದೆಯೆಂದು ಹಿಡಿದುಕೊಂಡು ಪ್ರಶ್ನೆಯನ್ನು ಕಟ್ಟಿರಿ: ‘ಈ ಯೋಜನೆಯಲ್ಲಿ ಎಲ್ಲಕ್ಕಿಂತ ದುರ್ಬಲವಾದ ಭಾಗ ಯಾವುದೆಂದು ಪ್ರತಿಯೊಬ್ಬರೂ ಒಂದೊಂದನ್ನು ಹೇಳಿ.’ ಈಗ ಸುಮ್ಮನಿರುವುದೇ ವಿಚಿತ್ರವಾಗುತ್ತದೆ, ದೋಷ ಹೇಳುವುದು ಕೊಟ್ಟ ಕೆಲಸವನ್ನು ಮಾಡಿದಂತಾಗುತ್ತದೆ. ಇದಕ್ಕಿಂತ ತೀಕ್ಷ್ಣವಾದ ಒಂದು ವಿಧಾನವನ್ನು ಗ್ಯಾರಿ ಕ್ಲೈನ್ ಸೂಚಿಸಿದ್ದಾರೆ. ಕೆಲಸ ಆರಂಭಿಸುವ ಮೊದಲೇ, ಒಂದು ವರ್ಷ ಕಳೆದು ಈ ಯೋಜನೆ ಸಂಪೂರ್ಣವಾಗಿ ಮುರಿದುಬಿದ್ದಿದೆಯೆಂದು ಕಲ್ಪಿಸಿಕೊಂಡು, ಅದು ಹೇಗೆ ಮುರಿದುಬಿತ್ತೆಂಬ ಕಥೆಯನ್ನು ಪ್ರತಿಯೊಬ್ಬರೂ ಬರೆಯಬೇಕು. ಸೋಲು ಆಗಿಹೋಗಿದೆಯೆಂದು ಭಾವಿಸಿದ ಕೂಡಲೇ ಕಾರಣ ಹುಡುಕುವುದು ಅಪಶಕುನ ನುಡಿದಂತಾಗುವುದಿಲ್ಲ, ಜಾಣತನವಾಗುತ್ತದೆ. ದೊಡ್ಡ ನಿರ್ಧಾರಗಳಿಗೆ ಇದಕ್ಕಾಗಿಯೇ ಅರ್ಧ ಗಂಟೆ ಮೀಸಲಿಡುವುದು ಸಾರ್ಥಕ.

ಒಬ್ಬ ಜೊತೆಗಾರನ ಬೆಲೆ

ಆಶ್ ಅವರ ಪ್ರಯೋಗಗಳಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದ ಫಲಿತಾಂಶವನ್ನು ಇನ್ನೂ ಹೇಳಿಲ್ಲ. ಒಕ್ಕೊರಲಿನ ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯುತ್ತರ ಹೇಳಿದರೂ ಸಾಕು, ಪರೀಕ್ಷೆಗೊಳಗಾದವನ ತಪ್ಪುಗಳು ಕಾಲು ಭಾಗಕ್ಕೆ ಇಳಿದವು. ಆ ಇನ್ನೊಬ್ಬ ಹೇಳಿದ್ದು ಗುಂಪಿನದಕ್ಕಿಂತಲೂ ದೊಡ್ಡ ತಪ್ಪಾಗಿದ್ದಾಗಲೂ ಮಣಿಯುವಿಕೆ ಬಹಳಷ್ಟು ಕಡಿಮೆಯಾಯಿತು. ಹಾಗಾದರೆ ಒತ್ತಡ ಇದ್ದದ್ದು ಜನರ ಸಂಖ್ಯೆಗಿಂತ ಹೆಚ್ಚಾಗಿ ಅವರ ಒಕ್ಕೊರಲಿನಲ್ಲಿ. ಅದರಲ್ಲಿ ಎಲ್ಲಿಯೇ ಬಿರುಕು ಬಿಟ್ಟರೂ ಉಳಿದವರಿಗೆ ಉಸಿರಾಡಲು ಜಾಗ ಸಿಗುತ್ತದೆ. ನಿಮ್ಮ ಸಭೆಯಲ್ಲಿ ಯಾರಾದರೊಬ್ಬರು ಭಿನ್ನವಾದ ಮಾತನಾಡಿದರೆ, ಆ ಮಾತು ನಿಮಗೆ ತಪ್ಪೆನಿಸಿದರೂ, ಅದನ್ನು ಪೂರ್ತಿಯಾಗಿ ಆಲಿಸಿ ನಡಾವಳಿಯಲ್ಲಿ ಬರೆಸಿರಿ. ಅದರಿಂದ ಅವರಿಗಿಂತ ಹೆಚ್ಚಾಗಿ, ಇನ್ನೂ ಬಾಯಿ ತೆರೆಯದ ಮೂರನೆಯವರಿಗೆ ನೆರವಾಗುತ್ತದೆ.

ಭಿನ್ನಮತ ಉಸಿರುಕಟ್ಟಿದಾಗ ಏನಾಗುತ್ತದೆಂಬುದಕ್ಕೆ ಚರಿತ್ರೆಯಲ್ಲಿ ದಾಖಲೆಗಳಿವೆ. 1961ರ ಏಪ್ರಿಲ್‌ನಲ್ಲಿ ಕ್ಯೂಬಾದ ಬೇ ಆಫ್ ಪಿಗ್ಸ್ ಮೇಲೆ ಅಮೆರಿಕ ಸರ್ಕಾರದ ಬೆಂಬಲದಿಂದ ನಡೆದ ದಾಳಿ ಮೂರು ದಿನಗಳೊಳಗೆ ಸೋತು, ದಾಳಿಗಿಳಿದವರಲ್ಲಿ ಸಾವಿರಕ್ಕೂ ಹೆಚ್ಚು ಜನ ಸೆರೆಸಿಕ್ಕರು. ಅಧ್ಯಕ್ಷ ಕೆನಡಿಯವರ ಸಲಹೆಗಾರರಾಗಿದ್ದ ಆರ್ಥರ್ ಶ್ಲೆಸಿಂಗರ್, ಆ ಯೋಜನೆಯ ಬಗ್ಗೆ ತಮಗೆ ಅನುಮಾನಗಳಿದ್ದರೂ ಮುಖ್ಯ ಸಭೆಗಳಲ್ಲಿ ಬಾಯಿಬಿಡದೆ ಕುಳಿತದ್ದಕ್ಕಾಗಿ ಆಮೇಲೆ ತಮ್ಮನ್ನೇ ಹಳಿದುಕೊಂಡರು. ಮನೋವಿಜ್ಞಾನಿ ಇರ್ವಿಂಗ್ ಜಾನಿಸ್ 1972ರಲ್ಲಿ ಇಂಥ ನಿರ್ಧಾರಗಳನ್ನು ವಿಶ್ಲೇಷಿಸಿ, ಒಗ್ಗಟ್ಟನ್ನು ಉಳಿಸಿಕೊಳ್ಳುವ ಹಂಬಲ ವಿಮರ್ಶೆಯನ್ನು ನುಂಗಿಹಾಕುವ ಸ್ಥಿತಿಗೆ ‘ಗ್ರೂಪ್‌ಥಿಂಕ್’ ಎಂಬ ಹೆಸರನ್ನು ಬಳಕೆಗೆ ತಂದರು. ಅದೇ ಕೆನಡಿಯವರು, ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಕ್ಷಿಪಣಿಗಳನ್ನಿಟ್ಟದ್ದರಿಂದ ಹುಟ್ಟಿದ 1962ರ ಬಿಕ್ಕಟ್ಟಿನಲ್ಲಿ ಹೆಚ್ಚುಕಡಿಮೆ ಅದೇ ಸಲಹೆಗಾರರನ್ನು ಇಟ್ಟುಕೊಂಡು ಸಭೆಯ ರೀತಿಯನ್ನು ಬದಲಿಸಿದರು: ಕೆಲವು ಸಭೆಗಳಿಂದ ತಾವೇ ದೂರವುಳಿದರು, ಸಲಹೆಗಾರರು ಸಣ್ಣ ಗುಂಪುಗಳಾಗಿ ಬೇರೆ ಬೇರೆ ಪರ್ಯಾಯಗಳನ್ನು ಸಿದ್ಧಪಡಿಸಿ ಪರಸ್ಪರ ಪರೀಕ್ಷಿಸಿದರು. ಹಳೆಯ ಜನರೇ ಹೊಸ ಏರ್ಪಾಡಿನಲ್ಲಿ ಕೂತು ಬೇರೆ ರೀತಿಯಲ್ಲಿ ಯೋಚಿಸಿದ ಈ ಉದಾಹರಣೆಯನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ.

1986ರ ಜನವರಿ 27ರ ರಾತ್ರಿಯ ಪ್ರಸಂಗ ಇನ್ನೂ ನೋವಿನದು. ಚಾಲೆಂಜರ್ ಬಾಹ್ಯಾಕಾಶ ನೌಕೆಯ ರಾಕೆಟ್‌ಗಳನ್ನು ತಯಾರಿಸಿದ್ದ ಸಂಸ್ಥೆಯ ಎಂಜಿನಿಯರುಗಳು, ಆ ಚಳಿಯಲ್ಲಿ ರಾಕೆಟ್‌ನ ಕೀಲುಗಳನ್ನು ಬಿಗಿಯಾಗಿ ಮುಚ್ಚುವ ರಬ್ಬರಿನ ಬಳೆಗಳು ಸರಿಯಾಗಿ ಕೆಲಸ ಮಾಡಲಾರವೆಂದು ವಾದಿಸಿ ಉಡಾವಣೆ ಬೇಡವೆಂದರು. ನಾಸಾದೊಡನೆ ನಡೆದ ದೂರವಾಣಿ ಸಭೆಯ ನಡುವೆ ಸಂಸ್ಥೆಯವರು ತಮ್ಮೊಳಗೇ ಚರ್ಚಿಸಲು ಬಿಡುವು ಪಡೆದಾಗ, ಅಂತಿಮ ತೀರ್ಮಾನಕ್ಕೆ ಮತ ಹಾಕಿದವರು ನಿರ್ವಾಹಕರು ಮಾತ್ರ; ಎಂಜಿನಿಯರುಗಳನ್ನು ಕೇಳಲಿಲ್ಲ. ಮರುದಿನ ನೌಕೆ ಮೇಲೇರಿದ 73 ಸೆಕೆಂಡುಗಳಲ್ಲಿ ಛಿದ್ರವಾಗಿ ಏಳು ಜನ ಸತ್ತರು. ವಿಷಯ ಬಲ್ಲವರ ಧ್ವನಿ ಮತ ಹಾಕುವ ಹೊತ್ತಿನಲ್ಲೂ ಆ ಕೋಣೆಯಲ್ಲಿರಬೇಕೆಂಬುದನ್ನು ನಿಮ್ಮ ಸಂಸ್ಥೆಯ ನಿಯಮವಾಗಿಯೇ ಬರೆದಿಡಿ.

ಕೆಲವರು ಪ್ರತಿ ಸಭೆಗೂ ಒಬ್ಬರನ್ನು ವಿರೋಧಪಕ್ಷದ ವಕೀಲರಂತೆ ನೇಮಿಸುತ್ತಾರೆ. ಇಲ್ಲದಿರುವುದಕ್ಕಿಂತ ಇದು ಮೇಲೆಂಬುದು ನಿಜ, ಆದರೆ ಶಾರ್ಲನ್ ನೆಮೆತ್ ಅವರ ಸಂಶೋಧನೆ ತೋರಿಸಿದಂತೆ, ನಟಿಸಿದ ವಿರೋಧಕ್ಕಿಂತ ನಿಜವಾಗಿ ನಂಬಿ ಆಡಿದ ವಿರೋಧ ಗುಂಪನ್ನು ಹೆಚ್ಚು ಯೋಚನೆಗೆ ಹಚ್ಚುತ್ತದೆ. ಪಾತ್ರವೆಂದು ಗೊತ್ತಿದ್ದಾಗ ಕೇಳುವವರೂ ಅದನ್ನು ಪಾತ್ರದಂತೆಯೇ ಕೇಳುತ್ತಾರೆ. ಆದ್ದರಿಂದ ನಿಜವಾದ ಭಿನ್ನಮತವುಳ್ಳವರನ್ನು ಹುಡುಕಿ, ಸಭೆಗೆ ಮೊದಲೇ ಅವರೊಡನೆ ಮಾತನಾಡಿ, ಅವರ ವಾದಕ್ಕೆ ಸಮಯ ಗೊತ್ತುಮಾಡಿ.

ನೀವೇ ಆ ಅಲ್ಪಮತದಲ್ಲಿದ್ದರೆ ಏನು ಮಾಡಬೇಕು? ಸರ್ಜ್ ಮಾಸ್ಕೊವಿಚಿ 1969ರಲ್ಲಿ ನಡೆಸಿದ ಪ್ರಯೋಗದಲ್ಲಿ ಆರು ಜನರ ಗುಂಪಿನೊಳಗೆ ಪ್ರಯೋಗ ನಡೆಸುವವರ ಕಡೆಯ ಇಬ್ಬರು ನೀಲಿ ಬಣ್ಣದ ಸ್ಲೈಡ್‌ಗಳನ್ನು ಹಸಿರೆಂದು ಹೇಳುತ್ತಿದ್ದರು. ಅವರು ಪ್ರತಿ ಸಲವೂ ಒಂದೇ ಮಾತಿಗೆ ಅಂಟಿಕೊಂಡಾಗ ಉಳಿದವರ ಉತ್ತರಗಳಲ್ಲಿ ಶೇಕಡ 8ಕ್ಕೂ ಹೆಚ್ಚು ‘ಹಸಿರು’ ಎಂದು ಬಂದವು. ಅವರೇ ಆಗೊಂದು ಈಗೊಂದು ಹೇಳಿದಾಗ ಅದು ಶೇಕಡ 1ರ ಆಸುಪಾಸಿಗೆ ಇಳಿಯಿತು. ಸಂಖ್ಯೆಗಳು ಸಣ್ಣವಾದರೂ ಪಾಠ ಸ್ಪಷ್ಟವಾಗಿದೆ: ಧ್ವನಿ ಏರಿಸದೆ, ಮಾತು ಬದಲಿಸದೆ, ಸಾಧ್ಯವಾದರೆ ಇನ್ನೊಬ್ಬರನ್ನು ಜೊತೆಗಿಟ್ಟುಕೊಂಡು ನಿಲ್ಲಿ.

ಒಬ್ಬರಿಗೇ ಗೊತ್ತಿರುವ ಸಂಗತಿ

ಗುಂಪನ್ನು ಕೂಡಿಸುವುದೇ ಬೇರೆ ಬೇರೆಯವರಿಗೆ ಗೊತ್ತಿರುವುದು ಒಂದೆಡೆ ಸೇರಲೆಂದು. ಆದರೆ ಗೆರಾಲ್ಡ್ ಸ್ಟಾಸರ್ ಮತ್ತು ವಿಲಿಯಂ ಟೈಟಸ್ 1985ರಲ್ಲಿ ತೋರಿಸಿದಂತೆ, ಸಭೆಗಳು ಎಲ್ಲರಿಗೂ ಮೊದಲೇ ಗೊತ್ತಿದ್ದ ಸಂಗತಿಗಳನ್ನೇ ಹೆಚ್ಚು ಮಾತನಾಡಿ ಏಳುತ್ತವೆ. ಅವರು ನಾಲ್ವರ ಗುಂಪುಗಳಿಗೆ ಚುನಾವಣೆಯ ಅಭ್ಯರ್ಥಿಗಳ ವಿವರಗಳನ್ನು ಹಂಚಿದ ರೀತಿ ಹೀಗಿತ್ತು: ಉತ್ತಮ ಅಭ್ಯರ್ಥಿಯ ಒಳ್ಳೆಯ ಅಂಶಗಳು ನಾಲ್ವರಲ್ಲಿ ಚೂರುಚೂರಾಗಿ ಹರಡಿದ್ದವು, ಎಲ್ಲವನ್ನೂ ಕೂಡಿಸಿದರೆ ಮಾತ್ರ ಆತನೇ ಉತ್ತಮನೆಂದು ಕಾಣುತ್ತಿತ್ತು. ಹೆಚ್ಚಿನ ಗುಂಪುಗಳು ಕೂಡಿಸಲೇ ಇಲ್ಲ. ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಹೇಳಿದಾಗ ಸುತ್ತಲಿನವರೆಲ್ಲ ತಲೆಯಾಡಿಸುತ್ತಾರೆ, ಹೇಳಿದವನಿಗೂ ಹಿತವಾಗುತ್ತದೆ. ಹೊಸ ಸಂಗತಿಗೆ ಆ ತಲೆಯಾಡಿಸುವಿಕೆ ಸಿಗುವುದಿಲ್ಲ.

ಇದಕ್ಕೆ ಪರಿಹಾರವಾಗಿ, ಯಾರು ಯಾವುದರ ಜವಾಬ್ದಾರರೆಂಬುದನ್ನು ಸಭೆಯ ಆರಂಭದಲ್ಲೇ ಎಲ್ಲರೆದುರು ಹೇಳಿರಿ: ಲೆಕ್ಕಪತ್ರ ನೋಡಿದವರು ಇವರು, ಜನರೊಡನೆ ಮಾತನಾಡಿ ಬಂದವರು ಅವರು, ಕಾನೂನಿನ ಅಂಶ ತಿಳಿದವರು ಮತ್ತೊಬ್ಬರು. ಬಳಿಕ ‘ಇಲ್ಲಿ ಉಳಿದವರಿಗೆ ಗೊತ್ತಿರಲಾರದು ಎಂದು ನಿಮಗನಿಸುವ ಒಂದು ಸಂಗತಿಯನ್ನು ಹೇಳಿ’ ಎಂದು ಒಬ್ಬೊಬ್ಬರನ್ನೂ ಕೇಳಿ. ಆದ್ಯತೆಗಳನ್ನು ಮೊದಲು ಪ್ರಕಟಿಸಬೇಡಿ. ಪಕ್ಷ ಹಿಡಿದ ಮೇಲೆ ಮನುಷ್ಯ ತನ್ನ ಪಕ್ಷಕ್ಕೆ ಒದಗುವುದನ್ನೇ ಹೆಕ್ಕುತ್ತಾನೆ. ಚೀಟಿಯಲ್ಲಿ ಬರೆದ ಅಭಿಪ್ರಾಯಕ್ಕೂ ಇದಕ್ಕೂ ವಿರೋಧವಿಲ್ಲ: ಹೆಸರಿಲ್ಲದ ಚೀಟಿ ಯಾರನ್ನೂ ಒಂದು ಪಕ್ಷಕ್ಕೆ ಕಟ್ಟಿಹಾಕುವುದಿಲ್ಲ.

ಸಮಾನ ಮನಸ್ಕರೇ ಸೇರಿದ ಗುಂಪುಗಳ ಬಗ್ಗೆ ಒಂದು ಎಚ್ಚರಿಕೆಯನ್ನೂ ಇಲ್ಲಿ ಸೇರಿಸಬೇಕು. ಮಾಸ್ಕೊವಿಚಿ ಮತ್ತು ಝವಲ್ಲೋನಿ 1969ರಲ್ಲಿ ಫ್ರಾನ್ಸಿನ ವಿದ್ಯಾರ್ಥಿಗಳಲ್ಲಿ ಕಂಡಂತೆ, ಚರ್ಚೆಯ ನಂತರ ಜನರ ಅಭಿಪ್ರಾಯ ಮೊದಲಿದ್ದ ದಿಕ್ಕಿನಲ್ಲೇ ಇನ್ನಷ್ಟು ತೀವ್ರವಾಗುತ್ತದೆ. ಚರ್ಚೆ ಎಲ್ಲರನ್ನೂ ನಡುವಿಗೆ ತರುತ್ತದೆಂಬ ನಮ್ಮ ಎಣಿಕೆ ತಪ್ಪು. ಎಲ್ಲರೂ ಮೊದಲೇ ಒಂದೇ ಕಡೆ ವಾಲಿದ್ದರೆ ನಿರ್ಧಾರವನ್ನು ಒಂದೆರಡು ದಿನ ತಡೆದು, ಹೊರಗಿನವರೊಬ್ಬರಿಗೆ ತೋರಿಸಿ.

ಕೆಲಸ ಹಂಚುವಾಗ

ಹಾಲು ತುಂಬಿಸಬೇಕೆಂದು ರಾಜ ಆಜ್ಞೆ ಮಾಡಿದ ಕೊಳ ಬೆಳಗಾಗುವಾಗ ನೀರಿನಿಂದ ತುಂಬಿದ್ದ ಕಥೆಯನ್ನು ಬಾಲ್ಯದಲ್ಲಿ ಕೇಳದವರಿಲ್ಲ. ಅದರ ಪ್ರಯೋಗಶಾಲೆಯ ರೂಪವನ್ನು ಕೊಟ್ಟವರು ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮಾನ್. ಅವರು 1913ರಲ್ಲಿ ಪ್ರಕಟಿಸಿದ ಅಂಕಿಗಳ ಪ್ರಕಾರ, ಎಂಟು ಜನ ಸೇರಿ ಹಗ್ಗ ಎಳೆದಾಗ ಒಬ್ಬೊಬ್ಬರೂ ತಾವು ಒಂಟಿಯಾಗಿ ಎಳೆಯಬಲ್ಲುದರ ಅರ್ಧದಷ್ಟನ್ನೇ ಎಳೆಯುತ್ತಿದ್ದರು. ಇದರಲ್ಲಿ ಒಂದು ಪಾಲು ಹೊಂದಾಣಿಕೆ ಇಲ್ಲದ್ದರಿಂದ ಆಗುವ ನಷ್ಟ, ಎಲ್ಲರೂ ಒಂದೇ ಕ್ಷಣದಲ್ಲಿ ಎಳೆಯದಿರುವುದು. ಇನ್ನೊಂದು ಪಾಲು ಶ್ರಮದಲ್ಲೇ ಆಗುವ ಇಳಿಕೆ. ಲತಾನೆ ಮತ್ತು ಸಂಗಡಿಗರು 1979ರಲ್ಲಿ ಜನರ ಕಣ್ಣುಕಟ್ಟಿ, ಕಿವಿಗೆ ಸದ್ದು ತುಂಬಿ, ಇನ್ನೂ ಐವರು ಕೂಗುತ್ತಿದ್ದಾರೆಂದು ನಂಬಿಸಿ ಒಬ್ಬರಿಂದಲೇ ಕೂಗಿಸಿದಾಗ, ಅವರ ಕೂಗು ಒಂಟಿಯಾಗಿದ್ದಾಗಿನದಕ್ಕಿಂತ ಸುಮಾರು ಕಾಲು ಭಾಗ ಕಡಿಮೆಯಾಗಿತ್ತು. ಬೇರೆಯವರೊಡನೆ ಹೊಂದಿಸಿಕೊಳ್ಳುವ ಪ್ರಶ್ನೆಯೇ ಇಲ್ಲದಿದ್ದರೂ ಗಂಟಲು ತಾನಾಗಿ ತಗ್ಗಿತು.

ಹೀಗೆ ತಗ್ಗಿದವರನ್ನು ಸೋಮಾರಿಗಳೆಂದು ಕರೆಯುವುದು ಸರಿಯಲ್ಲ. ತಮ್ಮ ಪಾಲು ಕಾಣದ ಕಡೆ ಹೆಚ್ಚುಕಡಿಮೆ ಎಲ್ಲರೂ ತಗ್ಗುತ್ತಾರೆ. ಪಾಲು ಕಾಣುವಂತೆ ಮಾಡುವುದೇ ಮದ್ದು. ‘ಸಮಿತಿ ನೋಡಿಕೊಳ್ಳುತ್ತದೆ’ ಎಂದು ನಡಾವಳಿಯಲ್ಲಿ ಬರೆದ ಕೆಲಸವನ್ನು ಯಾರೂ ನೋಡಿಕೊಳ್ಳುವುದಿಲ್ಲ. ಪ್ರತಿ ಕೆಲಸದ ಮುಂದೆ ಒಂದು ಹೆಸರು, ಒಂದು ದಿನಾಂಕ ಇರಲಿ. ಇಬ್ಬರ ಹೆಸರು ಅನಿವಾರ್ಯವಾದರೆ ಇಬ್ಬರ ಪಾಲನ್ನೂ ಬೇರೆ ಬೇರೆಯಾಗಿ ಬರೆಯಿರಿ. ತಂಡಗಳನ್ನು ಸಣ್ಣದಾಗಿಡಿ. ಹೊಸ ಕಲ್ಪನೆಗಳನ್ನು ಹುಟ್ಟಿಸುವ ಕೆಲಸವಾದರೆ ಮೊದಲು ಒಬ್ಬೊಬ್ಬರಾಗಿ ಬರೆದು ಆಮೇಲೆ ಕೂಡಿಸುವುದು ಒಳ್ಳೆಯದು. ಒಬ್ಬರು ಮಾತನಾಡುವಾಗ ಉಳಿದವರು ಕಾಯಬೇಕಾದ್ದರಿಂದ ಕಲ್ಪನೆಗಳು ಆ ಕಾಯುವಿಕೆಯಲ್ಲೇ ಕರಗಿಹೋಗುತ್ತವೆಂದು ಡೀಲ್ ಮತ್ತು ಸ್ಟ್ರೋಬ 1987ರಲ್ಲಿ ತೋರಿಸಿದ್ದಾರೆ.

ತುರ್ತು ಪರಿಸ್ಥಿತಿಯಲ್ಲೂ ಇದೇ ತತ್ವ ಜೀವ ಉಳಿಸುತ್ತದೆ. ಡಾರ್ಲಿ ಮತ್ತು ಲತಾನೆ ಅವರ ಇನ್ನೊಂದು ಪ್ರಯೋಗದಲ್ಲಿ, ಇಂಟರ್‌ಕಾಮ್‌ನಲ್ಲಿ ಒಬ್ಬನಿಗೆ ಮೂರ್ಛೆ ಬಂದಂತೆ ಕೇಳಿಸಿದಾಗ, ಕೇಳುತ್ತಿರುವವರು ತಾವೊಬ್ಬರೇ ಎಂದುಕೊಂಡವರಲ್ಲಿ ಶೇಕಡ 85ರಷ್ಟು ಜನ ಆತನ ಮಾತು ಮುಗಿಯುವ ಮೊದಲೇ ನೆರವಿಗೆ ಧಾವಿಸಿದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆಂದುಕೊಂಡವರಲ್ಲಿ ಹಾಗೆ ಧಾವಿಸಿದವರು ಶೇಕಡ 31ರಷ್ಟು. ಹೊಣೆ ಹಂಚಿಹೋದಷ್ಟೂ ಹಗುರವಾಗುತ್ತದೆ. ನಿಮಗೆ ನೆರವು ಬೇಕಾದಾಗ ಗುಂಪನ್ನು ಕೂಗಬೇಡಿ, ಒಬ್ಬರತ್ತ ಕೈತೋರಿಸಿ: ‘ಕೆಂಪು ಅಂಗಿ ಹಾಕಿರುವವರೇ, ನೀವು ಆಂಬುಲೆನ್ಸ್‌ಗೆ ಕರೆಮಾಡಿ.’ ಜನಸಂದಣಿಯೆಂದರೆ ಕಲ್ಲುಹೃದಯವೆಂದು ಇದರಿಂದ ತಿಳಿಯಬಾರದು. ಮೂರು ದೇಶಗಳ ನಗರಗಳಲ್ಲಿ ಕ್ಯಾಮೆರಾಗಳಲ್ಲಿ ದಾಖಲಾದ 219 ಬೀದಿಜಗಳಗಳನ್ನು ಪರಿಶೀಲಿಸಿ 2019ರಲ್ಲಿ ಹೊರಬಂದ ಅಧ್ಯಯನದಲ್ಲಿ, ಹತ್ತರಲ್ಲಿ ಒಂಬತ್ತು ಜಗಳಗಳಲ್ಲಿ ಯಾರಾದರೊಬ್ಬರು ಮಧ್ಯೆ ಪ್ರವೇಶಿಸಿದ್ದರು. ಅಪಾಯ ಕಣ್ಣಿಗೆ ಸ್ಪಷ್ಟವಾಗಿ ಕಂಡಾಗ ಜನ ಮುಂದೆ ಬರುತ್ತಾರೆ, ಗೊಂದಲವಿದ್ದಾಗ ಹಿಂಜರಿಯುತ್ತಾರೆ. ಗೊಂದಲವನ್ನು ನೀಗಿಸುವುದು ನೆರವು ಕೇಳುವವರ ಕೈಯಲ್ಲಿದೆ.

ಎರಡು ಗುಂಪುಗಳು ಎದುರಾದಾಗ

ಒಂದೇ ಸಂಸ್ಥೆಯ ಎರಡು ವಿಭಾಗಗಳು ಮುನಿಸಿಕೊಂಡಾಗ ಅದಕ್ಕೊಂದು ದೊಡ್ಡ ಕಾರಣವಿರಲೇಬೇಕೆಂದು ನಾವು ಹುಡುಕುತ್ತೇವೆ. ಹೆನ್ರಿ ತಾಜ್‌ಫೆಲ್ ಮತ್ತು ಸಂಗಡಿಗರು 1971ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅಂಥ ಕಾರಣ ಏನೂ ಇರಲಿಲ್ಲ. ಕ್ಲೀ ಮತ್ತು ಕಾಂಡಿನ್ಸ್ಕಿ ಎಂಬ ಇಬ್ಬರು ಕಲಾವಿದರಲ್ಲಿ ಯಾರ ಚಿತ್ರ ಇಷ್ಟವೆಂಬ ನೆಪದಲ್ಲಿ ಶಾಲಾ ಹುಡುಗರನ್ನು ಎರಡು ಗುಂಪು ಮಾಡಿ, ಹಣ ಹಂಚಲು ಹೇಳಿದರು. ಅವರು ತಮ್ಮ ಗುಂಪಿನವರಿಗೆ ಹೆಚ್ಚು ಕೊಟ್ಟರು. ಅಷ್ಟೇ ಅಲ್ಲ, ತಮ್ಮವರಿಗೆ ಸಿಗುವ ಮೊತ್ತ ಕಡಿಮೆಯಾದರೂ ಸರಿಯೇ, ಎದುರಿನವರಿಗಿಂತ ಅಂತರ ದೊಡ್ಡದಾಗಿರಲೆಂದು ಅನೇಕ ಸಲ ಬಯಸಿದರು. ಆದ್ದರಿಂದ ವಿಭಾಗಗಳಿಗೆ ಹೆಸರು, ಬಣ್ಣ, ಅಂಕಪಟ್ಟಿ ಕೊಟ್ಟು ಹುರುಪು ತುಂಬುವ ಮೊದಲು ಎರಡು ಸಲ ಯೋಚಿಸಿ.

ಮುನಿಸು ಬೆಳೆದುಬಿಟ್ಟಿದ್ದರೆ ಏನು ಮಾಡಬೇಕೆಂಬುದಕ್ಕೆ ಮುಜಾಫರ್ ಶೆರಿಫ್ ಅವರು 1954ರ ಬೇಸಿಗೆಯಲ್ಲಿ ಅಮೆರಿಕದ ಒಕ್ಲಹೋಮದ ಶಿಬಿರವೊಂದರಲ್ಲಿ 22 ಹುಡುಗರೊಡನೆ ನಡೆಸಿದ ಅಧ್ಯಯನ ಇಂದಿಗೂ ಉಪಯುಕ್ತ. ಸ್ಪರ್ಧೆಗಳನ್ನು ಏರ್ಪಡಿಸಿದ್ದರಿಂದ ಎರಡು ಗುಂಪುಗಳ ನಡುವೆ ಬಾವುಟ ಸುಡುವಷ್ಟು ವೈರ ಬೆಳೆಯಿತು. ಒಟ್ಟಿಗೆ ಊಟಕ್ಕೆ ಕೂರಿಸಿದರು, ಒಟ್ಟಿಗೆ ಸಿನಿಮಾ ತೋರಿಸಿದರು. ಅದರಿಂದ ಜಗಳಕ್ಕೆ ಇನ್ನೊಂದು ಜಾಗ ಸಿಕ್ಕಿತಷ್ಟೇ. ಶಿಬಿರದ ನೀರು ನಿಂತುಹೋದಾಗ, ಲಾರಿ ಕೆಟ್ಟು ನಿಂತಾಗ, ಎರಡೂ ಗುಂಪುಗಳು ಕೈಜೋಡಿಸದೆ ಸಾಧ್ಯವೇ ಇಲ್ಲದ ಕೆಲಸಗಳನ್ನು ಒಂದರ ಮೇಲೊಂದು ಮಾಡಬೇಕಾಗಿ ಬಂದಾಗ ವೈರ ಕರಗಿತು. ಒಂದು ಕೆಲಸ ಸಾಲಲಿಲ್ಲವೆಂಬುದನ್ನು ಗಮನಿಸಬೇಕು. ಮೊದಲನೆಯ ಸಹಕಾರದ ನಂತರ ಹುಡುಗರು ಮತ್ತೆ ಜಗಳವಾಡಿದರು.

ಮುನಿದ ವಿಭಾಗಗಳಿಗೆ ಔತಣಕೂಟ ಏರ್ಪಡಿಸಿ ಫಲಿತಾಂಶಕ್ಕಾಗಿ ಕಾಯುವವರು ಈ ಅಂಶವನ್ನು ಮನಸ್ಸಿನಲ್ಲಿಡಬೇಕು. ಗಾರ್ಡನ್ ಆಲ್ಪೋರ್ಟ್ 1954ರಲ್ಲೇ ಗುಂಪುಗಳ ಸಂಪರ್ಕ ಫಲಿಸಲು ನಾಲ್ಕು ಸ್ಥಿತಿಗಳನ್ನು ಹೇಳಿದ್ದರು: ಸಮಾನ ಸ್ಥಾನ, ಸಮಾನ ಗುರಿ, ಸಹಕಾರ ಮತ್ತು ಮೇಲಿನವರ ಬೆಂಬಲ. 515 ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪೆಟಿಗ್ರೂ ಮತ್ತು ಟ್ರಾಪ್ ನಡೆಸಿದ ವಿಶ್ಲೇಷಣೆ, ಸಂಪರ್ಕ ಸಾಮಾನ್ಯವಾಗಿ ಪೂರ್ವಗ್ರಹವನ್ನು ತಗ್ಗಿಸುತ್ತದೆಂದೂ ಈ ಸ್ಥಿತಿಗಳಿದ್ದಾಗ ಇನ್ನೂ ಹೆಚ್ಚು ತಗ್ಗಿಸುತ್ತದೆಂದೂ ಕಂಡುಕೊಂಡಿತು. ಆದ್ದರಿಂದ ಮುನಿದ ಎರಡು ವಿಭಾಗಗಳಿಂದ ಸಮಾನ ಸಂಖ್ಯೆಯ ಜನರನ್ನು ಆರಿಸಿ, ಒಂದು ವಿಭಾಗ ತಾನೇ ಮಾಡಿ ಮುಗಿಸಲಾಗದಂಥ ಕೆಲಸವೊಂದನ್ನು ಕೊಡಿ. ಬೇಕಾದ ಮಾಹಿತಿಯಲ್ಲಿ ಅರ್ಧ ಒಬ್ಬರ ಬಳಿ, ಅರ್ಧ ಇನ್ನೊಬ್ಬರ ಬಳಿ ಇರಲಿ. ಅದು ಮುಗಿದ ಕೂಡಲೇ ಎರಡನೆಯದನ್ನು ಕೊಡಿ, ಆಮೇಲೆ ಮೂರನೆಯದನ್ನು. ನಡುವೆ ಜಗಳವಾದರೆ ಕೆಲಸವನ್ನು ಹಿಂದಕ್ಕೆ ಪಡೆಯಬೇಡಿ.